ಧ್ವನಿಯೂ ಒಂದು ಪಾಠ: ಹಾಸ್ಯಗಾರರು ತಾವೇ ಓದಿದ ಆತ್ಮಕಥನಗಳು

1

ಆತ್ಮಕಥನವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮುದ್ರಿತ ಪುಟವನ್ನೇ ಆಧಾರವಾಗಿಟ್ಟುಕೊಂಡು ಬೆಳೆದಿವೆ. ಬರೆದವರು ಯಾರು, ಯಾವ ಸಾಮಾಜಿಕ ನೆಲೆಯಿಂದ ಬರೆದರು, ಏನನ್ನು ಹೇಳಿದರು, ಏನನ್ನು ಮುಚ್ಚಿಟ್ಟರು ಎಂಬ ಪ್ರಶ್ನೆಗಳೆಲ್ಲ ಅಕ್ಷರರೂಪದ ಕಥನವನ್ನು ಎದುರಿಗಿಟ್ಟುಕೊಂಡೇ ಹುಟ್ಟಿದವು. ಆದರೆ ಈಚಿನ ದಶಕಗಳಲ್ಲಿ, ಮುಖ್ಯವಾಗಿ ಇಂಗ್ಲಿಶಿನಲ್ಲಿ, ಒಂದೇ ಆತ್ಮಕಥನ ಎರಡು ರೂಪಗಳಲ್ಲಿ ಹೊರಬರುವುದು ವಾಡಿಕೆಯಾಗಿದೆ. ಒಂದು ಮುದ್ರಿತ ಪುಸ್ತಕ. ಇನ್ನೊಂದು ಲೇಖಕರು ತಮ್ಮ ಧ್ವನಿಯಲ್ಲಿ ಆದಿಯಿಂದ ಅಂತ್ಯದವರೆಗೆ ಓದಿದ ಕೇಳುಪುಸ್ತಕ. ಎರಡನೆಯದನ್ನು ಮೊದಲನೆಯದರ ನೆರಳೆಂದು, ಓದಲು ಬಿಡುವಿಲ್ಲದವರಿಗಾಗಿ ಮಾಡಿದ ಅನುಕೂಲವೆಂದು ಭಾವಿಸುವುದೇ ರೂಢಿ. ಸಾಹಿತ್ಯ ವಿಭಾಗಗಳಲ್ಲಿ ಕೇಳುಪುಸ್ತಕವನ್ನು ಸಂಶೋಧನೆಯ ಆಕರವೆಂದು ಪರಿಗಣಿಸುವುದು ವಿರಳ.

ಈ ಭಾವನೆ ಮರುಪರಿಶೀಲನೆಗೆ ಒಳಗಾಗಬೇಕಾಗಿದೆ. ಅದರಲ್ಲಿಯೂ ಹಾಸ್ಯಗಾರರ ಆತ್ಮಕಥನಗಳ ವಿಷಯದಲ್ಲಿ ಇದು ತುರ್ತಿನ ಪ್ರಶ್ನೆ. ಕಾದಂಬರಿಕಾರನಿಗೋ ರಾಜಕಾರಣಿಗೋ ಧ್ವನಿ ಎಂಬುದು ಬರಹದ ಹೊರಗಿನ ಸಂಗತಿಯಾಗಿರಬಹುದು. ಹಾಸ್ಯಗಾರನಿಗೆ ಅದು ಕಸುಬಿನ ಸಾಧನ. ಯಾವ ಮಾತನ್ನು ಎಲ್ಲಿ ತಡೆಯಬೇಕು, ಯಾವುದನ್ನು ಓಡಿಸಬೇಕು, ಯಾರ ಮಾತನ್ನು ಯಾರ ದನಿಯಲ್ಲಿ ಆಡಬೇಕು ಎಂಬ ತಿಳಿವಳಿಕೆಯ ಮೇಲೆಯೇ ಆತನ ಬದುಕು ನಿಂತಿರುತ್ತದೆ. ಅಂಥವನು ತನ್ನ ಬಾಳಿನ ಕಥೆಯನ್ನು ತಾನೇ ಓದಿದಾಗ ಹುಟ್ಟುವುದು ಪುಸ್ತಕದ ನೆರಳಲ್ಲ, ಇನ್ನೊಂದು ಪಾಠ. 'ಪಾಠ' ಎಂಬ ಪದವನ್ನು ಇಲ್ಲಿ ಗ್ರಂಥಸಂಪಾದನೆಯ ಅರ್ಥದಲ್ಲಿ ಬಳಸಲಾಗಿದೆ. ಹಸ್ತಪ್ರತಿಗಳ ನಡುವಿನ ಪಾಠಾಂತರಗಳನ್ನು ಶ್ರದ್ಧೆಯಿಂದ ಗುರುತಿಸುವ ಕನ್ನಡದ ವಿದ್ವತ್ ಪರಂಪರೆಗೆ, ಒಬ್ಬನೇ ಲೇಖಕ ಪುಟದ ಮೇಲೆ ಒಂದು ಪಾಠವನ್ನೂ ನಾಲಗೆಯ ಮೇಲೆ ಇನ್ನೊಂದು ಪಾಠವನ್ನೂ ಕೊಟ್ಟಾಗ ಅವುಗಳನ್ನು ಹೋಲಿಸಿ ನೋಡುವುದು ಅಪರಿಚಿತವಾದ ಕೆಲಸವೇನಲ್ಲ. 'ಪಾಠ'ದ ಮೂಲಧಾತುವಿನ ಅರ್ಥವೇ ಗಟ್ಟಿಯಾಗಿ ಓದುವುದು ಎಂಬುದನ್ನೂ ಇಲ್ಲಿ ನೆನೆಯಬಹುದು.

2

ಕೇಳುಪುಸ್ತಕದ ಚರಿತ್ರೆ ಆರಂಭವಾಗುವುದು ಮನರಂಜನೆಯಿಂದಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ದೃಷ್ಟಿವಿಕಲ ಓದುಗರಿಗಾಗಿ ಗ್ರಾಮಫೋನ್ ತಟ್ಟೆಗಳ ಮೇಲೆ ಪುಸ್ತಕಗಳನ್ನು ಧ್ವನಿಮುದ್ರಿಸುವ ಕೆಲಸ ನಡೆಯಿತು. 1952ರಲ್ಲಿ ಕ್ಯಾಡ್‌ಮನ್ ಎಂಬ ಸಂಸ್ಥೆ ಡಿಲನ್ ಥಾಮಸ್ ಅವರ ಕವಿತಾವಾಚನವನ್ನು ಮುದ್ರಿಸಿ ಮಾರಿದಾಗ, ಲೇಖಕನ ಧ್ವನಿಗೇ ಬೆಲೆಯಿದೆ ಎಂಬ ತಿಳಿವು ಪ್ರಕಾಶನಲೋಕಕ್ಕೆ ಬಂದಿತು. ಮುಂದೆ ಕ್ಯಾಸೆಟ್, ಸಿಡಿ, ಅಂತರಜಾಲಗಳ ಮೂಲಕ ಈ ರೂಪ ವ್ಯಾಪಕವಾಯಿತು.

ಹಾಸ್ಯಗಾರರು ಇದರೊಳಗೆ ಬೇಗನೆ ಬಂದರು. ಅಮೆರಿಕದ ದೂರದರ್ಶನ ಹಾಸ್ಯದಲ್ಲಿ ಹೆಸರಾಗಿದ್ದ ಗಿಲ್ಡಾ ರಾಡ್ನರ್ ಅಂಡಾಶಯದ ಕ್ಯಾನ್ಸರಿನಿಂದ 1989ರ ಮೇ ತಿಂಗಳಲ್ಲಿ ತೀರಿಕೊಂಡರು. ಆ ಕಾಯಿಲೆಯೊಂದಿಗಿನ ದಿನಗಳನ್ನು ಕುರಿತ 'ಇಟ್ಸ್ ಆಲ್ವೇಸ್ ಸಮ್‌ಥಿಂಗ್' ಎಂಬ ಆತ್ಮಕಥನವನ್ನು ಅವರು ತಮ್ಮ ಧ್ವನಿಯಲ್ಲಿಯೇ ಓದಿದ್ದರು. ಮರಣಾನಂತರ, 1990ರಲ್ಲಿ, ಆ ವಾಚನಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ಪುಸ್ತಕದ ಶೀರ್ಷಿಕೆ ಅವರು ವೇದಿಕೆಯ ಮೇಲೆ ಕಟ್ಟಿಕೊಟ್ಟ ಪಾತ್ರವೊಂದರ ಪಲ್ಲವಿಯಂಥ ಮಾತು. ನಗುವಿಗಾಗಿ ಹುಟ್ಟಿದ ಅದೇ ಮಾತು ಕಾಯಿಲೆಯ ಕಥೆಯ ತಲೆಬರಹವಾದಾಗ ಪುಟದ ಮೇಲೆ ಅಕ್ಷರಗಳು ಬದಲಾಗಲಿಲ್ಲ. ಬದಲಾದದ್ದು ಅದನ್ನು ಆಡುವ ದೇಹ. ಮರುವರ್ಷ ಇದೇ ಪ್ರಶಸ್ತಿ, ಹಿರಿಯ ಹಾಸ್ಯಗಾರ ಜಾರ್ಜ್ ಬರ್ನ್ಸ್ ತಮ್ಮ ದಿವಂಗತ ಪತ್ನಿ ಗ್ರೇಸಿಯನ್ನು ಕುರಿತು ಬರೆದು ಓದಿದ ಕೃತಿಗೆ ಸಂದಿತು. ಹೀಗೆ ಮೊದಲಿನಿಂದಲೂ ಈ ಪ್ರಕಾರದಲ್ಲಿ ಹಾಸ್ಯ ಮತ್ತು ಸಾವು ಒಂದರ ಪಕ್ಕ ಒಂದು ಇವೆ.

ಆತ್ಮಕಥನ ಸಿದ್ಧಾಂತದ ದೃಷ್ಟಿಯಿಂದಲೂ ಇಲ್ಲೊಂದು ತೊಡಕಿದೆ. ಫ್ರೆಂಚ್ ವಿದ್ವಾಂಸ ಫಿಲಿಪ್ ಲೆಜೂನ್ 1975ರಲ್ಲಿ ಮಂಡಿಸಿದ 'ಆತ್ಮಕಥನದ ಒಪ್ಪಂದ' ಎಂಬ ಪರಿಕಲ್ಪನೆಯ ಪ್ರಕಾರ, ಲೇಖಕ, ನಿರೂಪಕ, ಕಥಾನಾಯಕ ಮೂವರೂ ಒಬ್ಬನೇ ಎಂಬ ಭರವಸೆಯನ್ನು ಓದುಗನಿಗೆ ಕೊಡುವುದು ಮುಖಪುಟದ ಮೇಲಿನ ಹೆಸರು. ಆ ಹೆಸರೇ ಸಹಿ. ಲೇಖಕನೇ ಓದಿದ ಕೇಳುಪುಸ್ತಕದಲ್ಲಿ ಈ ಸಹಿ ಒಮ್ಮೆ ಬಿದ್ದು ಮುಗಿಯುವುದಿಲ್ಲ. ಪ್ರತಿಯೊಂದು ವಾಕ್ಯದಲ್ಲಿಯೂ ಉಸಿರಿನೊಂದಿಗೆ ಅದು ಮತ್ತೆ ಬೀಳುತ್ತದೆ. ಇದು ನಂಬಿಕೆಯನ್ನು ಬಲಪಡಿಸುತ್ತದೆಯೋ ಅಥವಾ ವಿಮರ್ಶಾಪ್ರಜ್ಞೆಯನ್ನು ಮಂಕುಗೊಳಿಸುತ್ತದೆಯೋ ಎಂಬುದು ಮುಂದೆ ಚರ್ಚಿಸಬೇಕಾದ ಪ್ರಶ್ನೆ. ಅದಕ್ಕೆ ಮೊದಲು ಒಂದು ಕೃತಿಯನ್ನು ವಿವರವಾಗಿ ನೋಡುವುದು ಸೂಕ್ತ.

3

ದಕ್ಷಿಣ ಆಫ್ರಿಕದ ಹಾಸ್ಯಗಾರ ಟ್ರೆವರ್ ನೋವಾ ಅವರ 'ಬಾರ್ನ್ ಎ ಕ್ರೈಮ್' 2016ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರದೇ ವಾಚನದ, ಸುಮಾರು ಎಂಟೂಮುಕ್ಕಾಲು ಗಂಟೆಯ ಕೇಳುಪುಸ್ತಕವೂ ಬಂದಿತು. 2018ರಲ್ಲಿ ಈ ವಾಚನಕ್ಕೆ ಕೇಳುಪುಸ್ತಕಗಳಿಗಾಗಿಯೇ ಇರುವ ಆಡೀ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಪುರುಷ ವಾಚಕ ಪ್ರಶಸ್ತಿ ದೊರೆಯಿತು. ನೋವಾ ಹುಟ್ಟಿದ್ದು 1984ರಲ್ಲಿ, ಜೋಹಾನ್ಸ್‌ಬರ್ಗ್‌ನಲ್ಲಿ. ತಾಯಿ ಖೋಸಾ ಸಮುದಾಯದ ಕಪ್ಪು ಮಹಿಳೆ, ತಂದೆ ಸ್ವಿಟ್ಜರ್ಲೆಂಡಿನ ಬಿಳಿಯ. ಬಿಳಿಯರು ಮತ್ತು ಕರಿಯರ ನಡುವಿನ ದೇಹಸಂಬಂಧವನ್ನು 1927ರ ಕಾಯಿದೆ ಅಪರಾಧವೆಂದು ಸಾರಿತ್ತು. 1949ರ ಕಾಯಿದೆ ಮಿಶ್ರವಿವಾಹವನ್ನು ನಿಷೇಧಿಸಿತ್ತು. ಈ ನಿರ್ಬಂಧಗಳು ರದ್ದಾದದ್ದು 1985ರಲ್ಲಿ, ಅಂದರೆ ಮಗು ಹುಟ್ಟಿದ ಮರುವರ್ಷ. ಆದುದರಿಂದ ಆ ಮಗು ತನ್ನ ತಂದೆತಾಯಿಗಳ ಅಪರಾಧಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯಾಗಿತ್ತು.

'ಕಣ್ಣಿಗೆ ಕಾಣುವ' ಎಂಬ ಮಾತು ಇಲ್ಲಿ ಮುಖ್ಯ. ವರ್ಣಭೇದ ವ್ಯವಸ್ಥೆ ಮೂಲತಃ ಕಣ್ಣಿನ ಆಡಳಿತ. 1950ರ ಜನಸಂಖ್ಯಾ ನೋಂದಣಿ ಕಾಯಿದೆ ಪ್ರತಿಯೊಬ್ಬರನ್ನೂ ಜನಾಂಗವಾರು ವಿಂಗಡಿಸಿತು. ಆ ವಿಂಗಡಣೆಗೆ ಮುಖ್ಯ ಆಧಾರವಾಗಿದ್ದುದು ನೋಟಕ್ಕೆ ಸಿಗುವ ರೂಪ. ಕೂದಲಿನಲ್ಲಿ ಪೆನ್ಸಿಲ್ ಸಿಕ್ಕಿಸಿ, ಅದು ಬೀಳುತ್ತದೆಯೋ ನಿಲ್ಲುತ್ತದೆಯೋ ಎಂದು ನೋಡಿ ಮನುಷ್ಯರ ಜಾತಿಯನ್ನು ನಿರ್ಧರಿಸುವ ಪರೀಕ್ಷೆಯೂ ಇತ್ತು. ನೋವಾ ತಮ್ಮ ಬಾಲ್ಯದ ಪ್ರಸಂಗವೊಂದನ್ನು ಹೇಳುತ್ತಾರೆ: ಮಗುವನ್ನು ಹೊರಗೆ ಕರೆದೊಯ್ಯಬೇಕಾದಾಗ ತಾಯಿ ಮಗುವಿನ ಬಣ್ಣಕ್ಕೆ ಹೊಂದುವ ನೆರೆಮನೆಯ ಹೆಂಗಸೊಬ್ಬಳನ್ನು ಜೊತೆಗೆ ಕರೆಯುತ್ತಿದ್ದಳು. ಆ ಹೆಂಗಸು ತಾಯಿಯಂತೆ ಮಗುವಿನ ಪಕ್ಕದಲ್ಲಿ ನಡೆಯುತ್ತಿದ್ದಳು. ಹೆತ್ತ ತಾಯಿ ಕೆಲಸದವಳಂತೆ ಕೆಲವು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಕಾನೂನಿನ ಕಣ್ಣನ್ನು ವಂಚಿಸಲು ಕಣ್ಣಿಗೇ ಒಡ್ಡಿದ ನಾಟಕವಿದು.

ಈ ಕಣ್ಣಿನ ಆಡಳಿತದಿಂದ ಬಾಲಕ ತಪ್ಪಿಸಿಕೊಂಡದ್ದು ಕಿವಿಯ ಮೂಲಕ. ಖೋಸಾ, ಜುಲು, ಸೋಥೋ, ತ್ಸ್ವಾನಾ, ಆಫ್ರಿಕಾನ್ಸ್, ಇಂಗ್ಲಿಶ್ ಹೀಗೆ ಹಲವು ಭಾಷೆಗಳನ್ನು ಆತ ಆಡಬಲ್ಲವನಾದ. ಒಮ್ಮೆ ಬೀದಿಯಲ್ಲಿ ಹಿಂದೆ ಬರುತ್ತಿದ್ದ ಜುಲು ಯುವಕರು ಈತನನ್ನು ಬಿಳಿಯನೆಂದು ಭಾವಿಸಿ ದೋಚುವ ಮಾತನ್ನು ತಮ್ಮ ಭಾಷೆಯಲ್ಲಿ ಆಡಿಕೊಳ್ಳುತ್ತಾರೆ. ಈತ ತಿರುಗಿ ನಿಂತು, ಎಲ್ಲರೂ ಸೇರಿ ಬೇರೆ ಯಾರನ್ನಾದರೂ ದೋಚೋಣವೆಂದು ಜುಲುವಿನಲ್ಲಿಯೇ ಹೇಳುತ್ತಾನೆ. ಅವರು ಕ್ಷಮೆ ಕೇಳಿ ಹೋಗುತ್ತಾರೆ. ಕಣ್ಣು ಪರಕೀಯನೆಂದು ತೀರ್ಮಾನಿಸಿದವನನ್ನು ಕಿವಿ ತಮ್ಮವನೆಂದು ತಿದ್ದುತ್ತದೆ. ಮುದ್ರಿತ ಪುಸ್ತಕದಲ್ಲಿ ಈ ಪ್ರಸಂಗ ರೋಮನ್ ಲಿಪಿಯಲ್ಲಿ ಬರೆದ ಜುಲು ವಾಕ್ಯಗಳಾಗಿ, ಅವುಗಳ ಇಂಗ್ಲಿಶ್ ಅರ್ಥವಾಗಿ ಕಾಣಿಸುತ್ತದೆ. ಭಾಷೆ ಬಾರದ ಓದುಗ ಆ ವಾಕ್ಯಗಳನ್ನು ದಾಟಿಕೊಂಡು ಅರ್ಥಕ್ಕೆ ಹೋಗುತ್ತಾನೆ. ಕೇಳುಪುಸ್ತಕದಲ್ಲಿ ದಾಟಿ ಹೋಗುವುದಕ್ಕೆ ಅವಕಾಶವಿಲ್ಲ. ಅರ್ಥವಾಗದ ಮಾತು ಮೊದಲು ಕಿವಿಗೆ ಬಿದ್ದು, ಕೆಲಕ್ಷಣ ಹೊರಗಿನವನಾಗಿ ನಿಂತ ಮೇಲೆಯೇ ಅದರ ಅರ್ಥ ಸಿಗುತ್ತದೆ. ಹೊರಗಿರುವುದು, ಒಳಗಾಗುವುದು ಎಂಬ ಅನುಭವವನ್ನು ಪುಸ್ತಕ ವಿವರಿಸುತ್ತದೆ. ಧ್ವನಿ ಅದನ್ನು ಕೇಳುಗನ ಮೇಲೆಯೇ ಪ್ರಯೋಗಿಸುತ್ತದೆ.

ಖೋಸಾ ಮತ್ತು ಜುಲು ಭಾಷೆಗಳ ಚಪ್ಪರಿಕೆಯ ಧ್ವನಿಗಳನ್ನೂ ಇಲ್ಲಿ ಗಮನಿಸಬೇಕು. ಇವನ್ನು ಬರೆಯಲು ಸಿ, ಕ್ಯೂ, ಎಕ್ಸ್ ಎಂಬ ರೋಮನ್ ಅಕ್ಷರಗಳನ್ನು ಬಳಸಲಾಗುತ್ತದೆ. ಮೊದಲನೆಯದು ಅಯ್ಯೋ ಪಾಪವೆನ್ನುವಾಗ ಹಲ್ಲಿಗೆ ನಾಲಗೆ ತಾಗಿಸಿ ಲೊಚಗುಟ್ಟುವ ಸದ್ದಿಗೆ ಹತ್ತಿರ. ಮೂರನೆಯದು ದನಗಳನ್ನು ಹೊಡೆಯುವಾಗ ಬಾಯಿಯ ಬದಿಯಿಂದ ಹೊರಡಿಸುವ ಸದ್ದಿಗೆ ಹತ್ತಿರ. ಕನ್ನಡದ ಬಾಯಿಗೆ ಈ ಸದ್ದುಗಳು ಗೊತ್ತು, ಕನ್ನಡದ ವರ್ಣಮಾಲೆಗೆ ಗೊತ್ತಿಲ್ಲ. 'ಖೋಸಾ' ಎಂದು ಬರೆದಾಗ ಆ ಹೆಸರಿನ ಮೊದಲ ಧ್ವನಿಯೇ ಬಿಟ್ಟುಹೋಗಿರುತ್ತದೆ. ಇಂಗ್ಲಿಶ್ ಓದುಗನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ತಾಯಿಯ ನುಡಿಯ ಹೆಸರನ್ನೇ ಉಚ್ಚರಿಸಲಾಗದೆ ಮೌನವಾಗಿ ಓದಿ ಮುಗಿಸುವ ಓದುಗನಿಗೆ, ನೋವಾ ಅವರ ನಾಲಗೆ ಪುಟದಲ್ಲಿ ಇಲ್ಲದ ಒಂದು ಆಧಾರವನ್ನು ಒದಗಿಸುತ್ತದೆ. ಸಂಶೋಧಕರ ಪರಿಭಾಷೆಯಲ್ಲಿ ಇದು ಪ್ರಾಥಮಿಕ ಆಕರವಾಗಬೇಕು.

ಆದರೂ ಕಿವಿಯನ್ನು ಮುಗ್ಧವೆಂದು ತಿಳಿಯಬೇಕಾಗಿಲ್ಲ. ವರ್ಣಭೇದದ ಆಡಳಿತ ಭಾಷೆಯನ್ನೂ ಒಡೆಯುವ ಆಯುಧವಾಗಿ ಬಳಸಿತು. ಕರಿಯ ಮಕ್ಕಳ ಶಾಲೆಗಳಲ್ಲಿ ಆಫ್ರಿಕಾನ್ಸ್ ಮಾಧ್ಯಮವನ್ನು ಹೇರಿದ್ದರ ವಿರುದ್ಧ 1976ರ ಜೂನ್ 16ರಂದು ಸೊವೆಟೋದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಗುಂಡಿಗೆ ಬಲಿಯಾದರು. ನೋವಾ ಅವರ ಮೊದಲ ಅಧ್ಯಾಯದಲ್ಲಿಯೇ ಜುಲು ಮಾತಾಡುವ ಮಿನಿಬಸ್ ಚಾಲಕ, ತಾಯಿ ಖೋಸಾ ಹೆಂಗಸೆಂದು ತಿಳಿದ ಮೇಲೆ ಆಕೆಯನ್ನು ನಿಂದಿಸಿ ಬೆದರಿಸುತ್ತಾನೆ. ತಾಯಿ ಓಡುವ ವಾಹನದಿಂದ ಮಗನನ್ನು ಹೊರಗೆ ತಳ್ಳಿ, ಕೂಸನ್ನು ಅವುಚಿಕೊಂಡು ತಾನೂ ಹಾರುತ್ತಾಳೆ. ಭಾಷೆ ಉಳಿಸಿದ ಪ್ರಸಂಗವೂ ಭಾಷೆಯೇ ಅಪಾಯಕ್ಕೆ ದೂಡಿದ ಪ್ರಸಂಗವೂ ಒಂದೇ ಧ್ವನಿಯಲ್ಲಿ ಕೇಳಿಬರುತ್ತವೆ. ಚಾಲಕನ ನುಡಿಯನ್ನೂ ತಾಯಿಯ ನುಡಿಯನ್ನೂ ಆಡುವ ನಾಲಗೆ ಒಂದೇ ಎಂಬುದರಲ್ಲಿ ಈ ಕೃತಿಯ ರಾಜಕೀಯವಿದೆ.

4

ಕೇಳುವಿಕೆಯ ಸ್ವರೂಪವನ್ನು ಅರಿಯಲು ಇದೇ ಕೃತಿಯ ಇನ್ನೊಂದು ಪ್ರಸಂಗ ನೆರವಾಗುತ್ತದೆ. ಸೊವೆಟೋದ ಅಜ್ಜಿಯ ಮನೆಯಲ್ಲಿ ಕಣ್ಣು ಕಾಣದ ವೃದ್ಧ ಮುತ್ತಜ್ಜಿ ಇರುತ್ತಾಳೆ. ಒಂದು ದಿನ ಮಳೆ. ಶೌಚಾಲಯ ಹೊರಗಿದೆ. ಐದಾರು ವರ್ಷದ ಬಾಲಕ ಮಳೆಯಲ್ಲಿ ಹೋಗಲೊಲ್ಲದೆ, ಮುತ್ತಜ್ಜಿಗೆ ಹೇಗೂ ಕಾಣುವುದಿಲ್ಲವೆಂದು ಅಡುಗೆಮನೆಯ ನೆಲದ ಮೇಲೆ ಪತ್ರಿಕೆ ಹಾಸಿ ಕುಳಿತುಬಿಡುತ್ತಾನೆ. ಆಕೆಗೆ ಯಾರೋ ಇರುವ ಸುಳಿವು ಸಿಗುತ್ತದೆ, ಯಾರೆಂದು ಕೇಳುತ್ತಾಳೆ, ಬಾಲಕ ಉಸಿರು ಬಿಗಿಹಿಡಿಯುತ್ತಾನೆ. ಕೊನೆಗೆ ಇದು ದೆವ್ವದ ಕಾಟವೆಂದು ಭಾವಿಸಿದ ಮನೆಯವರು ನೆರೆಯ ಹೆಂಗಸರನ್ನು ಕೂಡಿಸಿ ಪ್ರಾರ್ಥನೆ ಮಾಡುವವರೆಗೆ ವಿಷಯ ಬೆಳೆಯುತ್ತದೆ.

ಮುದ್ರಿತ ಪುಸ್ತಕದ ಓದುಗ ಈ ಪ್ರಸಂಗವನ್ನು ಬಾಲಕನ ಕಣ್ಣಿನಿಂದ ನೋಡುತ್ತಾನೆ. ಕೇಳುಪುಸ್ತಕದ ಕೇಳುಗ ಇರುವುದು ಮುತ್ತಜ್ಜಿಯ ಜಾಗದಲ್ಲಿ. ಆಕೆಯಂತೆಯೇ ಅವನಿಗೂ ಏನೂ ಕಾಣುವುದಿಲ್ಲ. ಸದ್ದು ಮತ್ತು ಸದ್ದಿಲ್ಲದಿರುವುದನ್ನು ಹಿಡಿದು ಊಹಿಸಬೇಕು. ಹಾಸ್ಯವೂ ಇದರಿಂದಲೇ ಎರಡು ಮಡಿಯಾಗುತ್ತದೆ. ಮುತ್ತಜ್ಜಿಗಿಂತ ತನಗೆ ಹೆಚ್ಚು ಗೊತ್ತೆಂದು ನಗುವ ಕೇಳುಗ, ತಾನೂ ಕತ್ತಲಲ್ಲಿಯೇ ಕುಳಿತಿದ್ದಾನೆ. ಈ ಸ್ಥಾನಪಲ್ಲಟವನ್ನು ಲೇಖಕ ಉದ್ದೇಶಿಸಿದ್ದರೋ ಇಲ್ಲವೋ, ಮಾಧ್ಯಮ ಅದನ್ನು ಆಗಿಸುತ್ತದೆ. ಪಾಠ ಬದಲಾದಾಗ ಓದುಗನ ನೆಲೆಯೂ ಬದಲಾಗುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

5

ವೇದಿಕೆಯ ಹಾಸ್ಯ ಇಬ್ಬರ ಕೆಲಸ. ಹಾಸ್ಯಗಾರ ಮಾತು ಹೇಳುತ್ತಾನೆ, ಸಭೆ ನಕ್ಕು ಅದನ್ನು ಪೂರ್ಣಗೊಳಿಸುತ್ತದೆ. ಮುಂದಿನ ಮಾತು ಯಾವಾಗ ಬರಬೇಕೆಂದು ನಿರ್ಧರಿಸುವುದು ಸಭೆಯ ನಗು. ಧ್ವನಿಮುದ್ರಣದ ಕೊಠಡಿಯಲ್ಲಿ ಸಭೆಯಿಲ್ಲ. ಇರದ ನಗುವಿಗೆ ಜಾಗ ಬಿಟ್ಟು ಹಾಸ್ಯಗಾರ ಓದಬೇಕು. ಬಿಟ್ಟ ಜಾಗ ಹೆಚ್ಚಾದರೆ ಅಭಾಸ, ಕಡಿಮೆಯಾದರೆ ಅವಸರ. ಭರತನು ಹೇಳುವ ಆಂಗಿಕ, ಆಹಾರ್ಯ ಅಭಿನಯಗಳು ಇಲ್ಲಿ ಇಲ್ಲವಾಗಿ ವಾಚಿಕವೊಂದೇ ಉಳಿಯುತ್ತದೆ. ವಾಚಿಕದಲ್ಲಿಯೂ ಅರ್ಥವನ್ನು ತಿರುಗಿಸುವ ಶಕ್ತಿ ಇರುವುದು 'ಕಾಕು'ವಿಗೆ. ಅದೇ ಪದಗಳು, ಬೇರೆ ಕಾಕು, ಬೇರೆ ಅರ್ಥ ಎಂಬುದನ್ನು ಭಾರತೀಯ ಕಾವ್ಯಮೀಮಾಂಸೆ ಬಹಳ ಹಿಂದೆಯೇ ಗುರುತಿಸಿತ್ತು. ಲೇಖಕನ ಕಾಕುವನ್ನು ಹಿಡಿದಿಡುವ ಉಪಕರಣ ಮಾತ್ರ ಅದರ ಬಳಿ ಇರಲಿಲ್ಲ. ಅಮೆರಿಕದ ಸ್ಟೀವ್ ಮಾರ್ಟಿನ್ 1981ರಲ್ಲಿ ಸ್ಟ್ಯಾಂಡ್ ಅಪ್ ಹಾಸ್ಯವನ್ನು ಬಿಟ್ಟವರು. ಆ ಬದುಕನ್ನು ಕುರಿತ ಆತ್ಮಕಥನವನ್ನು ಬರೆದು ತಾವೇ ಓದಿದ್ದು 2007ರಲ್ಲಿ. ಸಭೆಯನ್ನು ತೊರೆದ ಹಾಸ್ಯಗಾರ ಸಭೆಯಿಲ್ಲದ ಕೊಠಡಿಯಲ್ಲಿ ಕುಳಿತು, ಸಭೆಯ ಮುಂದೆ ನಿಂತಿದ್ದ ತನ್ನನ್ನು ಕುರಿತು ಓದುವ ಸನ್ನಿವೇಶ ಅದು.

ನೋವಾ ಅವರ ಕೃತಿಯ ಕೊನೆಯ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಕೇಳಬೇಕು. 2009ರಲ್ಲಿ ಮಲತಂದೆ ತಾಯಿಯ ಮೇಲೆ ಗುಂಡು ಹಾರಿಸಿದ. ತಲೆಗೆ ಹೊಕ್ಕ ಗುಂಡು ಮಿದುಳಿಗೆ ತಾಗದೆ ಹೊರಬಂದುದರಿಂದ ಆಕೆ ಬದುಕಿದಳು. ಅದಕ್ಕೆ ಮೊದಲು ಆತ ಹೊಡೆದಾಗ ಆಕೆ ಪೊಲೀಸರ ಬಳಿ ಹೋಗಿದ್ದಳು. ಅವರು ದೂರನ್ನು ದಾಖಲಿಸಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಅಳುತ್ತಿದ್ದ ಮಗನಿಗೆ ತಾಯಿ, ಮುಖಕ್ಕೆ ಗಾಯವಾದ್ದರಿಂದ ಇನ್ನು ಮನೆಯಲ್ಲಿ ರೂಪವಂತನ ಪಟ್ಟ ನಿನ್ನದೇ ಎಂಬರ್ಥದ ತಮಾಷೆಯ ಮಾತನ್ನಾಡಿ ನಗಿಸುತ್ತಾಳೆ. ಎಂಟು ಗಂಟೆಗಳ ಕಾಲ ನಗುವಿನ ಲಯಕ್ಕೆ ಒಗ್ಗಿಹೋದ ಕೇಳುಗ, ಈ ಅಧ್ಯಾಯದಲ್ಲಿ ಪ್ರತಿಯೊಂದು ವಿರಾಮವನ್ನೂ ನಗುವಿನ ಮುನ್ಸೂಚನೆಯೆಂದು ಕಾಯುತ್ತಾನೆ. ಆದರೆ ವಿರಾಮದ ನಂತರ ಬರುವುದು ಹಿಂಸೆ. ಹಾಸ್ಯದ ಲಯವೇ ಭಯದ ಲಯವಾಗಿ ಪರಿಣಮಿಸುತ್ತದೆ. ಅಷ್ಟರ ಮೇಲೆ ಬರುವ ತಾಯಿಯ ತಮಾಷೆ ಆ ಲಯವನ್ನು ಮತ್ತೆ ನಗುವಿಗೆ ತಿರುಗಿಸುತ್ತದೆ.

ನಾಟ್ಯಶಾಸ್ತ್ರ ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ಎರಡಾಗಿ ವಿಂಗಡಿಸುತ್ತದೆ: ತಾನು ನಗುವುದು, ಪರರನ್ನು ನಗಿಸುವುದು. ಗುಂಡೇಟು ತಿಂದವಳೇ ಮೊದಲು ನಕ್ಕು ಮಗನನ್ನು ನಗಿಸುವ ಈ ಪ್ರಸಂಗದಲ್ಲಿ ಎರಡೂ ಒಂದಾಗಿವೆ. ಈ ಮನೆಯ ಮೊದಲ ಹಾಸ್ಯಗಾರಳು ತಾಯಿ. ಮಗ ಆಕೆಯ ಶಿಷ್ಯ. ಪುಟದ ಮೇಲೆ ಇದು ಓದುಗ ಹೊರಡಿಸಬೇಕಾದ ತೀರ್ಮಾನ. ವಾಚನದಲ್ಲಿ ತಾಯಿಯ ಮಾತಿನ ಧಾಟಿಯನ್ನೂ ಮಗನ ನಿರೂಪಣೆಯ ಧಾಟಿಯನ್ನೂ ಒಂದೇ ಕಂಠದಲ್ಲಿ ಕೇಳಿದಾಗ ಅದು ನೇರವಾಗಿ ಕಿವಿಗೆ ತಾಗುತ್ತದೆ. ಆದರೆ ಇದೇ ಜಾಗದಲ್ಲಿ ನೈತಿಕವಾದ ಒಂದು ಪ್ರಶ್ನೆಯೂ ಇದೆ. ತಾಯಿಯ ಧ್ವನಿಯನ್ನು ಮಗ ಆಡುತ್ತಾನೆ; ತಾಯಿ ಆಡುವುದಿಲ್ಲ. ಮುದ್ರಣದಲ್ಲಿ ಉದ್ಧರಣ ಚಿಹ್ನೆಗಳು ಆಕೆಯ ಮಾತಿಗೆ ಒಂದು ಬೇಲಿಯನ್ನಾದರೂ ಹಾಕುತ್ತವೆ. ಅನುಕರಣದಲ್ಲಿ ಆ ಬೇಲಿಯಿಲ್ಲ. ಅನುಕರಣಕಲೆ ಎಷ್ಟು ಉತ್ತಮವೋ ಅಷ್ಟೂ ಆಕೆ ಮರೆಯಾಗುತ್ತಾಳೆ. ಹಿಂಸೆಗೆ ಒಳಗಾದ ಹೆಂಗಸಿನ ಅನುಭವ ಪ್ರಸಿದ್ಧ ಮಗನ ಕಂಠದ ಮೂಲಕವೇ ಲೋಕಕ್ಕೆ ತಲುಪುವುದನ್ನು ಸ್ತ್ರೀವಾದಿ ಓದು ಪ್ರಶ್ನಿಸದೆ ಬಿಡಲಾರದು. ಪ್ರಶ್ನಿಸಬೇಕಾದರೂ ಆ ವಾಚನವನ್ನು ಪಾಠವೆಂದು ಒಪ್ಪಿಕೊಳ್ಳಲೇಬೇಕು.

6

ಈ ನಿಲುವಿಗೆ ಬರಬಹುದಾದ ಆಕ್ಷೇಪಗಳಲ್ಲಿ ಮೂರು ಗಂಭೀರವಾದವು.

ಮೊದಲನೆಯದು, ಕೇಳುವುದು ಓದಲ್ಲ ಎಂಬುದು. ಓದುಗ ತನ್ನ ವೇಗದಲ್ಲಿ ಓದುತ್ತಾನೆ, ನಿಲ್ಲುತ್ತಾನೆ, ಹಿಂದಿರುಗುತ್ತಾನೆ. ಕೇಳುಗ ಹೇಳುವವನ ವೇಗಕ್ಕೆ ಒಳಗಾಗುತ್ತಾನೆ. ಇದು ನಿಜ. ಆದರೆ ಈ ವ್ಯತ್ಯಾಸ ಶ್ರೇಣೀಕರಣಕ್ಕೆ ಕಾರಣವಾಗಬಾರದು. ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿರುವ ದೃಷ್ಟಿವಿಕಲ ವಿದ್ಯಾರ್ಥಿಗಳು ಗೆಳೆಯರು ಓದಿ ಕ್ಯಾಸೆಟ್ಟಿಗೆ, ಈಚೆಗೆ ಮೊಬೈಲ್ ಫೋನಿಗೆ ತುಂಬಿಕೊಟ್ಟ ಪಠ್ಯಗಳನ್ನು ಕೇಳಿಯೇ ಪರೀಕ್ಷೆಗಳನ್ನು ಬರೆದು ಅಧ್ಯಾಪಕರೂ ಆಗಿದ್ದಾರೆ. ಅವರು ಪಂಪನನ್ನು ಓದಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಕುಮಾರವ್ಯಾಸನನ್ನು ಗಮಕಿಗಳ ಬಾಯಿಂದ ಕೇಳಿ ಬಲ್ಲ ತಲೆಮಾರುಗಳ ನಾಡಿನಲ್ಲಿ ಕೇಳ್ಮೆಯನ್ನು ಎರಡನೆಯ ದರ್ಜೆಯ ಓದೆಂದು ಕರೆಯುವುದು ಚರಿತ್ರೆಯ ಮರೆವು.

ಎರಡನೆಯದು, ಧ್ವನಿ ಅರ್ಥವನ್ನು ಮೊದಲೇ ತೀರ್ಮಾನಿಸಿಬಿಡುತ್ತದೆ ಎಂಬುದು. ಇದು ಹೆಚ್ಚು ಬಲವಾದ ಆಕ್ಷೇಪ. ಗಮಕದಲ್ಲಿ ಕವಿ ಬೇರೆ, ವಾಚಕ ಬೇರೆ, ವ್ಯಾಖ್ಯಾನಕಾರ ಬೇರೆ. ಮೂವರ ನಡುವಿನ ಅಂತರದಲ್ಲಿ ಕೇಳುಗನ ಸ್ವಂತ ವಿಚಾರಕ್ಕೆ ಎಡೆ ಇರುತ್ತದೆ. ಹಾಸ್ಯಗಾರ ತನ್ನ ಆತ್ಮಕಥನವನ್ನು ಓದುವಾಗ ಮೂವರೂ ಒಬ್ಬನೇ ಆಗುತ್ತಾನೆ. ವ್ಯಂಗ್ಯವೋ ಅಲ್ಲವೋ ಎಂಬ ಸಂದೇಹ ಪುಟದಲ್ಲಿ ಉಳಿಯುತ್ತದೆ, ಧ್ವನಿಯಲ್ಲಿ ಕರಗುತ್ತದೆ. ಹಾಗೆಂದೇ ಧ್ವನಿಪಾಠ ಮುದ್ರಿತ ಪಾಠದ ಜಾಗವನ್ನು ಆಕ್ರಮಿಸಬೇಕೆಂಬುದು ಇಲ್ಲಿನ ವಾದವಲ್ಲ. ಎರಡನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ, ಪುಟ ತೆರೆದಿಟ್ಟ ಯಾವ ಅರ್ಥವನ್ನು ಧ್ವನಿ ಮುಚ್ಚಿತು ಎಂಬುದು ಗೊತ್ತಾಗುತ್ತದೆ.

ಮೂರನೆಯದು ಮಾರುಕಟ್ಟೆಯನ್ನು ಕುರಿತದ್ದು. ಪ್ರಸಿದ್ಧರ ಧ್ವನಿ ಸರಕು. ಬೇರೆಯವರು ಬರೆದುಕೊಟ್ಟ ಆತ್ಮಕಥನವನ್ನೂ ಪ್ರಸಿದ್ಧ ವ್ಯಕ್ತಿ ಓದಿದಾಗ ಅದು ಅನುಭವದ ಆಳದಿಂದ ಬಂದಂತೆ ಕೇಳಿಸುತ್ತದೆ. ಲೆಜೂನ್ ಹೇಳಿದ ಸಹಿಗೆ ಧ್ವನಿ ಕೊಡುವ ಬಲ ಸುಳ್ಳುಸಹಿಗೂ ಸಿಗುತ್ತದೆ. ವಾಲ್ಟರ್ ಆಂಗ್ 1982ರಲ್ಲಿ ಗುರುತಿಸಿದ 'ದ್ವಿತೀಯ ಮೌಖಿಕತೆ' ಬರಹ ಮತ್ತು ಮುದ್ರಣಗಳನ್ನು ಆಧರಿಸಿ ನಿಂತದ್ದು. ಸಹಜವಾಗಿ ಕಂಡರೂ ಯೋಜಿತವಾದದ್ದು. ಕೇಳುಪುಸ್ತಕದ ಆಪ್ತತೆ ಕೊಠಡಿಯಲ್ಲಿ ತಯಾರಾದ ಆಪ್ತತೆ ಎಂಬ ಎಚ್ಚರ ಸಂಶೋಧಕರಿಗೆ ಇರಲೇಬೇಕು. ಆದರೆ ಎಚ್ಚರವೆಂದರೆ ತಿರಸ್ಕಾರವಲ್ಲ. ಮುದ್ರಿತ ಆತ್ಮಕಥನಗಳೂ ಯೋಜಿತವಾದವೇ.

7

ಕನ್ನಡದ ಸಂದರ್ಭಕ್ಕೆ ಈ ಚರ್ಚೆಯ ಪ್ರಸ್ತುತತೆ ಎರಡು ಬಗೆಯದು. ಧ್ವನಿ ಕಳೆದುಕೊಳ್ಳುವುದೂ ಇದೆ ಎಂಬುದನ್ನು ಬೀಚಿಯವರ ಆತ್ಮಕಥೆಯ ಹೆಸರೇ ತೋರಿಸುತ್ತದೆ. 'ನನ್ನ ಭಯಾಗ್ರಫಿ' ಎಂಬ ಶೀರ್ಷಿಕೆಯ ಶ್ಲೇಷೆ ಮಹಾಪ್ರಾಣವೊಂದರ ಮೇಲೆ ನಿಂತಿದೆ. ಆಡುಮಾತಿನಲ್ಲಿ ಮಹಾಪ್ರಾಣ ಸಡಿಲವಾಗುವ ಬಾಯಿಗಳಲ್ಲಿ ಅದು ಬರಿಯ ಬಯಾಗ್ರಫಿಯಾಗಿ ಕೇಳಿಸುತ್ತದೆ. 'ಭಯ' ಕಾಣಿಸುವುದು ಕಣ್ಣಿಗೆ. ನೋವಾ ಅವರ ಚಪ್ಪರಿಕೆಯ ಧ್ವನಿ ಪುಟದಲ್ಲಿ ಸಾಯುವಂತೆ ಬೀಚಿಯವರ ಶ್ಲೇಷೆ ಕಿವಿಯಲ್ಲಿ ಮಾಸುತ್ತದೆ. ಯಾವ ಪಾಠವೂ ಪರಿಪೂರ್ಣವಲ್ಲ. ಪಾಠಾಂತರಗಳ ಅಧ್ಯಯನ ಬೇಕಾಗುವುದು ಇದೇ ಕಾರಣಕ್ಕೆ.

ಎರಡನೆಯದು ಹೆಚ್ಚು ತುರ್ತಿನದು. ರಂಗದ ಮೇಲೆ ಹಾಸ್ಯನಟರಾಗಿ ನಾಡನ್ನು ನಗಿಸಿದ ಗುಬ್ಬಿ ವೀರಣ್ಣನವರ 'ಕಲೆಯೇ ಕಾಯಕ' ಇಂದು ಪುಸ್ತಕವಾಗಿ ಓದಲು ಸಿಗುತ್ತದೆ. ಅದನ್ನು ಓದುವ ವಿದ್ಯಾರ್ಥಿಗೆ ಯಾವ ಧಾಟಿ, ಯಾವ ತಡೆ, ಯಾವ ಓಟ ಸಭೆಯನ್ನು ನಗಿಸುತ್ತಿತ್ತು ಎಂಬುದನ್ನು ಪುಟ ತಿಳಿಸಲಾರದು. ತಮ್ಮ ನಾಟಕಗಳನ್ನು ಹೇಳಿ ಬರೆಸುತ್ತಿದ್ದ ಕೈಲಾಸಂ ಅವರ ವಿಷಯದಲ್ಲಂತೂ ಪಠ್ಯವೇ ಧ್ವನಿಯ ಟಿಪ್ಪಣಿ. ಅವರ ಕಾಲಕ್ಕೆ ಸಾಧನಗಳ ಕೊರತೆಯಿತ್ತು. ಇಂದು ಆ ನೆಪವಿಲ್ಲ. ಕನ್ನಡದಲ್ಲಿಯೂ ಕೇಳುಪುಸ್ತಕಗಳು ಬಂದಿವೆ. ಆದರೂ ಬಳ್ಳಾರಿಯ, ಧಾರವಾಡದ, ಕುಂದಾಪುರದ ಕನ್ನಡದಲ್ಲಿ ನಗಿಸುವ ಕಲಾವಿದರು ತಮ್ಮ ಬಾಳನ್ನು ಬರೆದಾಗ, ಅದು ಮುದ್ರಣಕ್ಕೆ ಹೋಗುವಷ್ಟರಲ್ಲಿ ಕರಡು ತಿದ್ದುವವರ ಕೈಯಲ್ಲಿ ಶಿಷ್ಟಗನ್ನಡವಾಗಿ ಮಾರ್ಪಡುವುದುಂಟು. ಹಾಸ್ಯ ಹುಟ್ಟಿದ ನುಡಿಯೇ ಹಾಸ್ಯಗಾರನ ಆತ್ಮಕಥನದಿಂದ ಹೊರಬಿದ್ದಂತಾಗುತ್ತದೆ. ಲಿಪಿಗೆ ಒಗ್ಗದ ಒಳನುಡಿಗಳ ಸ್ವರಭೇದ, ಎಳೆತ, ಒತ್ತುಗಳಿಗೆ ಧ್ವನಿಯೊಂದೇ ಆಶ್ರಯ.

ಆದುದರಿಂದ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ಲೇಖಕರೇ ಓದಿದ ಕೃತಿಗಳನ್ನು ಸಂಶೋಧನೆಯ ಆಕರವಾಗಿ ಒಪ್ಪಿ, ಪುಟಸಂಖ್ಯೆಯ ಬದಲು ಅಧ್ಯಾಯ ಹಾಗೂ ಗಂಟೆ-ನಿಮಿಷಗಳ ಮೂಲಕ ಉಲ್ಲೇಖಿಸುವ ಪದ್ಧತಿಯನ್ನು ರೂಢಿಗೆ ತರಬೇಕು. ಮುದ್ರಿತ ಪಾಠ ಮತ್ತು ಧ್ವನಿಪಾಠಗಳ ನಡುವಿನ ಸೇರ್ಪಡೆ, ಬಿಡುವಿಕೆ, ಕಾಕುಭೇದಗಳನ್ನು ಗುರುತಿಸುವುದನ್ನು ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಅಭ್ಯಾಸವಾಗಿ ಇಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯ ಹಾಸ್ಯ ಕಲಾವಿದರ ಜೀವನಕಥನಗಳನ್ನು ಅವರವರ ಒಳನುಡಿಯಲ್ಲಿ, ಅವರವರ ಕಂಠದಲ್ಲಿ ಮುದ್ರಿಸಿಡುವ ಯೋಜನೆಗಳು ಬೇಕು. ಜಾನಪದ ಕ್ಷೇತ್ರಕಾರ್ಯದಲ್ಲಿ ಪಳಗಿದ ಅಧ್ಯಾಪಕರು ಇರುವ ವಿಭಾಗಗಳಿಗೆ ಇದು ಹೊಸ ವಿದ್ಯೆಯೂ ಅಲ್ಲ, ದುಬಾರಿಯೂ ಅಲ್ಲ. ಮುದ್ರಣವನ್ನು ಮುಂದೆಯೂ ಮಾಡಬಹುದು. ವಯಸ್ಸಾದ ಕಲಾವಿದರ ಧ್ವನಿಗೆ ಆ ಅವಕಾಶವಿಲ್ಲದಿರುವುದರಿಂದ ಮೊದಲು ನಡೆಯಬೇಕಾದ ಕೆಲಸ ಅದು.